ಕಿವಿ ಮುಚ್ಚಿಯೂ ಕೇಳಿಸಬೇಕು

ಶೂಟಿಂಗ್ ಕಲಿಯಬೇಕು ಅಂತ ಬರುವ ಹುಡುಗರು ಮೊದಲು ಕೇಳುವುದು ರೈಫಲ್ ಬಗ್ಗೆ. ಯಾವ ಕಂಪನಿಯದು, ಗುರಿ ನೋಡುವ ಸೈಟ್ ಎಂಥದ್ದು, ಎಷ್ಟು ಭಾರ. ಆಮೇಲೆ ಜಾಕೆಟ್, ಆಮೇಲೆ ಶೂ. ಕಿವಿಗೆ ಏನು ಹಾಕಿಕೊಳ್ಳಬೇಕು ಅಂತ ತಾವಾಗಿ ಕೇಳುವವರು ತುಂಬಾ ಕಡಿಮೆ. ಗೋಡೆಗೆ ನೇತುಹಾಕಿದ ಹಳೆಯ ಮಫ್ (ಎರಡೂ ಕಿವಿಯನ್ನು ಕಪ್‌ನಿಂದ ಮುಚ್ಚುವ ತಲೆಪಟ್ಟಿ) ಒಂದನ್ನು ತೆಗೆದು ತಲೆಗೆ ಸಿಕ್ಕಿಸಿಕೊಳ್ಳುತ್ತಾರೆ. ಅಲ್ಲಿಗೆ ಆ ವಿಷಯ ಮುಗಿಯಿತು.

ನನಗೆ ಅದು ಅಲ್ಲಿಗೆ ಮುಗಿಯುವ ವಿಷಯ ಅಲ್ಲ. ನಾನು ಕೆಲಸ ಮಾಡುವುದು ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ. ಪಕ್ಕದಲ್ಲೇ ಫೌಂಡ್ರಿ. ಗ್ರೈಂಡರ್ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರು ರಿಟೈರ್ ಆಗುವ ಹೊತ್ತಿಗೆ ಹೇಗಿರುತ್ತಾರೆ ಅಂತ ಹತ್ತಿರದಿಂದ ನೋಡಿದ್ದೇನೆ. ಭಾನುವಾರ ಬಿಡುವಾದರೆ ರೇಂಜ್‌ಗೆ ಹೋಗುತ್ತೇನೆ. ಪಾಯಿಂಟ್ ಟೂ-ಟೂ ಅನ್ನುವ ಸಣ್ಣ ಗುಂಡಿನ ರೈಫಲ್ ಹಾರಿಸುತ್ತೇನೆ, ಹೊಸಬರ ಹಿಂದೆ ನಿಂತು ಒಂದಿಷ್ಟು ಹೇಳಿಕೊಡುತ್ತೇನೆ. ಹಾಗಾಗಿ ಕಿವಿಯ ಮಾತು ನನ್ನನ್ನು ವಾರವಿಡೀ ಬಿಡುವುದಿಲ್ಲ. ಇಲ್ಲಿ ಹೇಳುವುದು ಕಿವಿ ಮುಚ್ಚಿದ್ದೂ ಮಾತು ಕೇಳಿಸುವ ಎಲೆಕ್ಟ್ರಾನಿಕ್ ಮಫ್ ಬಗ್ಗೆ: ಅದು ಯಾಕೆ ಬೇಕು, ಹೇಗೆ ಆರಿಸಬೇಕು, ಕೆಟ್ಟರೆ ಏನು ಮಾಡಬೇಕು.

ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇರುವ ಊರು ನಮ್ಮದು. ಯಾವ ಗಲ್ಲಿಗೆ ಹೋದರೂ ಒಬ್ಬರಾದರೂ ಮಾಜಿ ಸೈನಿಕರು ಸಿಗುತ್ತಾರೆ. ನಮ್ಮ ಮನೆಯಲ್ಲಿ ಕಾಕಾ ಇದ್ದಾರೆ. ಅವರು ಟಿವಿ ಹಚ್ಚಿದರೆ ಅಂಗಳಕ್ಕೂ ಕೇಳಿಸುತ್ತದೆ. ಫೋನ್ ಬಂದರೆ ಬಲಗಿವಿಗೇ ಹಿಡಿಯುತ್ತಾರೆ, ಎಡಗಿವಿ ಜಾಸ್ತಿ ಹೋಗಿದೆ. ಒಮ್ಮೆ ಕೇಳಿದೆ, "ಕಾಕಾ, ಆವಾಗ ಕಿವಿಗೆ ಏನ್ ಹಾಕ್ಕೋತಿದ್ರಿ?"

"ಹತ್ತಿ, ತಮ್ಮಾ. ಅದೂ ನೆನಪಾದ್ರ."

ಆ ಕಾಲಕ್ಕೆ ಎಲ್ಲ ಕಡೆಯೂ ಹಾಗೇ ಇತ್ತು. ಹತ್ತಿ ತುರುಕಿಕೊಂಡರೆ ಕಿವಿ ಮುಚ್ಚಿದ ಹಾಗೆ ಅನಿಸುತ್ತದೆ, ಆದರೆ ಅದು ತಡೆಯುವ ಸದ್ದು ತೀರಾ ಕಡಿಮೆ. ಗಾಳಿ ನುಗ್ಗುವ ಕಡೆಯೆಲ್ಲ ಸದ್ದೂ ನುಗ್ಗುತ್ತದೆ.

ಎಡಗಿವಿಯೇ ಯಾಕೆ ಹೆಚ್ಚು ಹೋಗುತ್ತದೆ ಅನ್ನುವುದಕ್ಕೆ ಕಾರಣ ಇದೆ. ಬಲಗೈ ಶೂಟರ್ ರೈಫಲ್ ಹಿಡಿದಾಗ ಬಲಗೆನ್ನೆ ಹೆಗಲಿಗೆ ಇಡುವ ಹಿಂಭಾಗವಾದ ಬಟ್‌ಗೆ ಒರಗುತ್ತದೆ, ತಲೆ ಸ್ವಲ್ಪ ತಿರುಗುತ್ತದೆ. ಆಗ ಎಡಗಿವಿ ನಳಿಕೆಯ ಬಾಯಿಯ ಕಡೆ ಮುಖ ಮಾಡಿರುತ್ತದೆ. ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಎಡಗೈಯವರಿಗೆ ಇದು ತಿರುಗುಮುರುಗು. ವಯಸ್ಸಾಗಿ ಕಿವಿ ಮಂದವಾದರೆ ಸಾಮಾನ್ಯವಾಗಿ ಎರಡೂ ಬದಿ ಸಮಸಮ ಹೋಗುತ್ತದೆ. ಹಳೆಯ ರೈಫಲ್ ಶೂಟರ್‌ಗಳಲ್ಲಿ ಈ ಎಡ-ಬಲದ ವ್ಯತ್ಯಾಸ ಕಾಣುವುದು ಡಾಕ್ಟರ್‌ಗಳಿಗೆ ಚೆನ್ನಾಗಿ ಗೊತ್ತು.

ಕಾಕಾಗೆ ಸದ್ದು ಕೇಳಿಸುವುದಿಲ್ಲ ಅಂತಲ್ಲ. ಮಾತು ಬಿಡಿಸಿ ತಿಳಿಯುವುದಿಲ್ಲ. ನಮ್ಮ ಒಳಗಿವಿಯ ಶಂಖದಂಥ ಭಾಗದಲ್ಲಿ ಸೂಕ್ಷ್ಮ ಕೂದಲಿರುವ ಜೀವಕೋಶಗಳಿವೆ. ಒಂದು ಕಿವಿಗೆ ಸುಮಾರು 15 ಸಾವಿರ, ಅಷ್ಟೇ. ದೊಡ್ಡ ಸದ್ದು ಬಂದಾಗ ಅವು ಜೋಳದ ಹೊಲಕ್ಕೆ ದನ ನುಗ್ಗಿದ ಹಾಗೆ ಮಲಗಿಬಿಡುತ್ತವೆ. ಸ್ವಲ್ಪ ಬಾಗಿದ್ದು ಒಂದೆರಡು ದಿನಕ್ಕೆ ಎದ್ದು ನಿಲ್ಲಬಹುದು. ಮುರಿದದ್ದು ಮತ್ತೆ ಹುಟ್ಟುವುದಿಲ್ಲ. ಮನುಷ್ಯರಲ್ಲಿ ಅವು ಮರಳಿ ಬೆಳೆಯುವುದೇ ಇಲ್ಲ. ಮೊದಲು ಪೆಟ್ಟು ತಿನ್ನುವುದು 3000ದಿಂದ 6000 ಹರ್ಟ್ಸ್ ನಡುವಿನ ಸದ್ದು ಹಿಡಿಯುವ ಭಾಗ. ಸ, ಶ, ತ, ಕ ಇಂಥ ಅಕ್ಷರಗಳ ಚೂಪು ಇರುವುದು ಈ ಎತ್ತರದ ಸದ್ದಿನಲ್ಲೇ. ಅದಕ್ಕೇ ಮೊಮ್ಮಕ್ಕಳು ಏನೋ ಅಂದರು ಅಂತ ಗೊತ್ತಾಗುತ್ತದೆ, ಏನಂದರು ಅಂತ ಗೊತ್ತಾಗುವುದಿಲ್ಲ. ಜೊತೆಗೆ ರಾತ್ರಿಯೆಲ್ಲ ಕಿವಿಯೊಳಗೆ ಗುಂಯ್ ಅನ್ನುವ ಸದ್ದು. ಅದಕ್ಕೆ ಗುಳಿಗೆ ಇಲ್ಲ.

ಸ್ವಲ್ಪ ಲೆಕ್ಕ ನೋಡೋಣ. ಡೆಸಿಬೆಲ್ ಅನ್ನುವ ಅಳತೆ ನಮ್ಮ ಮೀಟರು, ಕಿಲೋ ಥರ ಅಲ್ಲ. 3 ಏರಿದರೆ ಸದ್ದಿನ ಶಕ್ತಿ ದುಪ್ಪಟ್ಟು, 10 ಏರಿದರೆ ಹತ್ತು ಪಟ್ಟು. ನಮ್ಮ ದೇಶದ ಕಾರ್ಖಾನೆಗಳಲ್ಲಿ 8 ತಾಸಿನ ಪಾಳಿಗೆ ಇರುವ ಮಿತಿ 90 ಡೆಸಿಬೆಲ್. ಪಟ್ ಅಂತ ಬಡಿಯುವ ಸದ್ದಿಗೆ 140 ಡೆಸಿಬೆಲ್ ದಾಟಬಾರದು ಅನ್ನುವುದು ಬಹಳ ದೇಶಗಳಲ್ಲಿ ಒಪ್ಪಿದ ಗೆರೆ. ಪಾಯಿಂಟ್ ಟೂ-ಟೂ ರೈಫಲ್ ಸದ್ದು ಆ ಗೆರೆಯ ಆಸುಪಾಸಿನಲ್ಲೇ ಇರುತ್ತದೆ. ಅದೇ ಗುಂಡು ಸಣ್ಣ ನಳಿಕೆಯ ಪಿಸ್ತೂಲಿನಿಂದ ಹೊರಟರೆ ಇನ್ನೂ ಜಾಸ್ತಿ, ಯಾಕೆಂದರೆ ನಳಿಕೆಯ ಬಾಯಿ ಕಿವಿಗೆ ಹತ್ತಿರ. 12 ಬೋರ್ ಬಂದೂಕು, ದೊಡ್ಡ ರೈಫಲ್‌ಗಳು 150 ದಾಟುತ್ತವೆ. 90ಕ್ಕೂ 140ಕ್ಕೂ ನಡುವೆ ಇರುವುದು ಬರೀ 50 ಅಂತ ಕಾಣುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದು ಒಂದು ಲಕ್ಷ ಪಟ್ಟು.

ಗಣಪತಿ ವಿಸರ್ಜನೆಯ ಡಿಜೆ ಮುಂದೆ ನಿಂತರೆ ಎದೆ ನಡುಗುತ್ತದೆ, ಅಲ್ವಾ. ಅಲ್ಲಿ ಕಿವಿ ನಮಗೆ ಎಚ್ಚರಿಕೆ ಕೊಡುತ್ತದೆ, ನಾವು ದೂರ ಸರಿಯುತ್ತೇವೆ. ಗುಂಡಿನ ಸದ್ದು ಹಾಗೆ ಸಮಯ ಕೊಡುವುದಿಲ್ಲ. ದೊಡ್ಡ ಸದ್ದು ಬಂದಾಗ ನಡುಗಿವಿಯ ಸಣ್ಣ ಸ್ನಾಯು ಬಿಗಿಯಾಗಿ ಒಳಗಿವಿಯನ್ನು ಸ್ವಲ್ಪ ಕಾಯುತ್ತದೆ. ಆದರೆ ಅದು ಬಿಗಿಯಾಗುವಷ್ಟರಲ್ಲಿ ಗುಂಡಿನ ಸದ್ದು ಬಂದು ಹೋಗಿರುತ್ತದೆ. ಅಷ್ಟು ಚಿಕ್ಕ ಸದ್ದಾದ್ದರಿಂದ ಅದು ಎಷ್ಟು ಜೋರಿತ್ತು ಅಂತಲೂ ನಮಗೆ ಸರಿಯಾಗಿ ಅನಿಸುವುದಿಲ್ಲ. "ಪಾಯಿಂಟ್ ಟೂ-ಟೂ ಏನ್ ದೊಡ್ಡ ಸದ್ದಲ್ಲ ಬಿಡ್ರಿ" ಅನ್ನುವವರು ಸಿಗುತ್ತಲೇ ಇರುತ್ತಾರೆ. ಅವರಿಗೆ ಕೇಳಿಸಿದ್ದು ಹಾಗೇ, ಅದು ಸುಳ್ಳಲ್ಲ. ಕಿವಿಗೆ ಬಿದ್ದ ಪೆಟ್ಟು ಮಾತ್ರ ಬೇರೆ.

ಹಾಗಾದರೆ ಮಫ್ ಹಾಕಿಕೊಂಡರೆ ಆಯಿತಲ್ಲ? ಎಲ್ಲರೂ ಹಾಕಿಕೊಳ್ಳುತ್ತಾರೆ ಕೂಡ. ತೊಂದರೆ ಬರುವುದು ಎರಡು ಗುಂಡಿನ ನಡುವೆ. ಪಕ್ಕದವರು ಏನೋ ಕೇಳಿದರು. ಸೈಟ್ ಎಷ್ಟು ಕ್ಲಿಕ್ ತಿರುಗಿಸಲಿ ಅಂತ ಅನುಮಾನ ಬಂತು. ಹಿಂದೆ ನಿಂತವರು ಏನೋ ಹೇಳಿದ ಹಾಗಾಯಿತು. ಆಗ "ಏನಂದ್ರಿ?" ಅಂತ ಒಂದು ಬದಿಯ ಕಪ್ ಎತ್ತುತ್ತಾರೆ. ಅದೇ ಹೊತ್ತಿಗೆ ಎರಡು ಲೇನ್ ಆಚೆ ಯಾರೋ ಗುಂಡು ಹಾರಿಸುತ್ತಾರೆ. ಹೊಸಬರಿಗಿಂತ ಇದು ಕೋಚ್‌ಗಳಿಗೆ, ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ-ಅಮ್ಮಂದಿರಿಗೆ ಜಾಸ್ತಿ ಆಗುತ್ತದೆ. ಅವರು ದಿನವಿಡೀ ಮಾತಾಡಬೇಕು, ಕೇಳಿಸಿಕೊಳ್ಳಬೇಕು. ಕಪ್ ಅರ್ಧ ಕಿವಿ ಮೇಲೆ, ಅರ್ಧ ಕೆನ್ನೆ ಮೇಲೆ ಇಟ್ಟುಕೊಂಡು ಓಡಾಡುವವರನ್ನು ನೀವೂ ನೋಡಿರಬಹುದು.

ಎಲೆಕ್ಟ್ರಾನಿಕ್ ಮಫ್ ಬೇಕಾಗುವುದು ಇಲ್ಲಿ. ಇದರ ಬಗ್ಗೆ ಒಂದು ತಪ್ಪು ತಿಳುವಳಿಕೆ ತುಂಬಾ ಗಟ್ಟಿಯಾಗಿ ಕೂತಿದೆ. ಒಳಗಿನ ಸರ್ಕ್ಯೂಟ್ ಗುಂಡಿನ ಸದ್ದನ್ನು ತಡೆಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಸದ್ದು ತಡೆಯುವುದು ಪ್ಲಾಸ್ಟಿಕ್ ಕಪ್, ಅದರೊಳಗಿನ ಸ್ಪಂಜು, ತಲೆಗೆ ಒತ್ತಿ ಕೂರುವ ಕುಶನ್. ಸಾದಾ ಮಫ್‌ನಲ್ಲೂ ಇರುವುದು ಇವೇ. ಎಲೆಕ್ಟ್ರಾನಿಕ್ಸ್ ಮಾಡುವ ಕೆಲಸ ಬೇರೆ. ಹೊರಗೆ ಮೈಕ್, ಒಳಗೆ ಸಣ್ಣ ಸ್ಪೀಕರ್. ಮೆಲ್ಲಗಿನ ಮಾತನ್ನು ಮೈಕ್ ಹಿಡಿದು, ಹಿಗ್ಗಿಸಿ, ಒಳಗೆ ಕೇಳಿಸುತ್ತದೆ. ಹೊರಗೆ ದೊಡ್ಡ ಸದ್ದಾದ ಕೂಡಲೇ ಸ್ಪೀಕರ್ ಸುಮ್ಮನಾಗುತ್ತದೆ, ಇಲ್ಲವೇ ತನ್ನ ಸದ್ದನ್ನು 82 ಡೆಸಿಬೆಲ್ ಆಸುಪಾಸಿನ ಮಿತಿಯೊಳಗೆ ಹಿಡಿದಿಡುತ್ತದೆ. ಆಗ ಉಳಿಯುವುದು ಕಪ್ಪೇ.

ಇಷ್ಟು ತಿಳಿದರೆ ಇನ್ನೊಂದು ವಿಷಯವೂ ತಿಳಿಯುತ್ತದೆ. ಸೆಲ್ ಮುಗಿದರೂ ಮಫ್ ಕಾಯುತ್ತಲೇ ಇರುತ್ತದೆ. ಸದ್ದು ನಿಂತಿತು ಅಂತ ಫೈರಿಂಗ್ ಲೈನ್ ಮೇಲೆ ಅದನ್ನು ತೆಗೆದು, ತಿರುಗಿಸಿ, ಸೆಲ್ ಬದಲಿಸುತ್ತಾ ನಿಲ್ಲಬೇಡಿ. ಹಾಗೇ ಹಿಂದಕ್ಕೆ ನಡೆದು, ಹೊರಗೆ ಹೋಗಿ, ಆಮೇಲೆ ತೆಗೆಯಿರಿ.

ಎಲೆಕ್ಟ್ರಾನಿಕ್ ಮಫ್ ಯಾಕೆ ಅಂತ ನನ್ನನ್ನು ಕೇಳಿದರೆ ಉತ್ತರ ಇಷ್ಟೇ: ಅದನ್ನು ತಲೆಯಿಂದ ತೆಗೆಯುವ ಅಗತ್ಯವೇ ಬರುವುದಿಲ್ಲ. "ಸ್ಟಾಪ್" ಅಂದದ್ದು ಕೇಳಿಸುತ್ತದೆ, "ಅನ್‌ಲೋಡ್" ಅಂದದ್ದು ಕೇಳಿಸುತ್ತದೆ, ಪಕ್ಕದ ಹುಡುಗಿ ಸಣ್ಣ ದನಿಯಲ್ಲಿ "ಸರ್, ಗುಂಡಿನ ಕೇಸ್ ಒಳಗ ಸಿಕ್ಕೊಂಡದ" ಅಂದದ್ದೂ ಕೇಳಿಸುತ್ತದೆ. ಆಯ್ಕೆ ಮಾಡುವಾಗಲೂ ರಿಪೇರಿ ಮಾಡುವಾಗಲೂ ನಾನು ಇದೇ ಅಳತೆಗೋಲು ಹಿಡಿಯುತ್ತೇನೆ. ಇದು ತಲೆ ಮೇಲೆ ಇಡೀ ಬೆಳಿಗ್ಗೆ ಉಳಿಯುತ್ತದಾ, ಇಲ್ಲವಾ?

ಕೊಳ್ಳುವ ಮೊದಲೇ ನೋಡಬೇಕಾದದ್ದು ನಿಯಮ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮದಂತೆ ನಡೆಯುವ ಸ್ಪರ್ಧೆಗಳಲ್ಲಿ, ಸದ್ದು ಹಿಡಿದು ಕೇಳಿಸುವ ಸಾಧನ ಇರುವ ಮಫ್ ಅನ್ನು ಶೂಟರ್ ಹಾಕಿಕೊಳ್ಳುವಂತಿಲ್ಲ. ನಮ್ಮ ರಾಷ್ಟ್ರೀಯ ರೈಫಲ್ ಸಂಘದ ಸ್ಪರ್ಧೆಗಳು ನಡೆಯುವುದೂ ಆ ನಿಯಮಗಳ ದಾರಿಯಲ್ಲೇ. ಹಣ ಕೂಡಿಸಿ ಮಗಳಿಗೆ ಒಳ್ಳೆಯ ಎಲೆಕ್ಟ್ರಾನಿಕ್ ಮಫ್ ಕೊಡಿಸಿ, ಮ್ಯಾಚ್ ದಿನ ಅದನ್ನು ಬ್ಯಾಗ್‌ನಲ್ಲಿಡಬೇಕಾದರೆ ಬೇಜಾರಾಗುತ್ತದೆ. ಸ್ಪರ್ಧೆಗೆ ಹೋಗುವವರು ಸಾದಾ ಮಫ್ ಅಥವಾ ಕಿವಿಯೊಳಗೆ ಹಾಕುವ ಪ್ಲಗ್‌ನಲ್ಲೇ ಅಭ್ಯಾಸ ಮಾಡಲಿ. ಮೊದಲ ವರ್ಷ, ಕಲಿಕೆಯ ದಿನಗಳಲ್ಲಿ ಎಲೆಕ್ಟ್ರಾನಿಕ್ ಇರಲಿ. ಹೇಳಿಕೊಡುವವರಿಗೆ, ಲೈನ್ ನೋಡಿಕೊಳ್ಳುವವರಿಗೆ, ಹವ್ಯಾಸಕ್ಕೆ ಹಾರಿಸುವವರಿಗೆ ಇದು ನಿಜವಾಗಿ ಬೇಕು.

ಬರೀ 10 ಮೀಟರ್ ಏರ್ ರೈಫಲ್ ಮಾಡುವವರು ಇಷ್ಟು ಖರ್ಚು ಮಾಡಬೇಕಾಗಿಲ್ಲ. ಏರ್ ರೈಫಲ್ ಸದ್ದು ತುಂಬಾ ಕಡಿಮೆ. ಅಲ್ಲಿ ಪ್ಲಗ್ ಇರುವುದು ಹೆಚ್ಚಾಗಿ ಮನಸ್ಸು ಒಂದು ಕಡೆ ನಿಲ್ಲಲಿ ಅಂತ.

ಆಮೇಲೆ ಪೆಟ್ಟಿಗೆಯ ಮೇಲಿನ ಅಂಕಿ, ಎಷ್ಟು ಡೆಸಿಬೆಲ್ ಸದ್ದು ತಗ್ಗಿಸುತ್ತದೆ ಅಂತ ಹೇಳುವುದು. ಎನ್‌ಆರ್‌ಆರ್ ಅಂತ ಬರೆದಿರುತ್ತಾರೆ. ಅದು ಅಮೆರಿಕದ ಅಳತೆ. ಯುರೋಪಿನದಾದರೆ ಎಸ್‌ಎನ್‌ಆರ್ ಅಂತ ಇರುತ್ತದೆ. ಎರಡೂ ಬೇರೆ ಬೇರೆ ರೀತಿ ಅಳೆದದ್ದು, ಒಂದನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಹೊವರ್ಡ್ ಲೈಟ್ ಕಂಪನಿಯ ಇಂಪ್ಯಾಕ್ಟ್ ಸ್ಪೋರ್ಟ್‌ಗೆ ಎನ್‌ಆರ್‌ಆರ್ 22, ವಾಕರ್ಸ್ ರೇಜರ್ ಸ್ಲಿಮ್‌ಗೆ 23, ಪೆಲ್ಟರ್ ಸ್ಪೋರ್ಟ್ ಟ್ಯಾಕ್ಟಿಕಲ್ 500ಕ್ಕೆ 26. ಹಳದಿ-ಕಿತ್ತಳೆ ಬಣ್ಣದ ಅಗ್ಗದ ಫೋಮ್ ಪ್ಲಗ್‌ಗೆ 29ರಿಂದ 33! ಇದು ನೋಡಿ ಬಹಳ ಜನ ಆಶ್ಚರ್ಯಪಡುತ್ತಾರೆ. ಹತ್ತಿಪ್ಪತ್ತು ರೂಪಾಯಿಯ ಪ್ಲಗ್ ಸಾವಿರಾರು ರೂಪಾಯಿಯ ಮಫ್‌ಗಿಂತ ಜಾಸ್ತಿ ಸದ್ದು ತಡೆಯಬಲ್ಲದು. ಆದರೆ ಆ ಅಂಕಿ ಪ್ರಯೋಗಾಲಯದ್ದು. ಪ್ಲಗ್ ಅನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತಳ್ಳಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಬೇಕು. ಕಿವಿಯ ಬಾಯಲ್ಲಿ ಸುಮ್ನೆ ಸಿಕ್ಕಿಸಿಕೊಂಡರೆ ಅದು ಹತ್ತಿಗಿಂತ ಸ್ವಲ್ಪ ಮೇಲು, ಅಷ್ಟೇ. ಅಂಕಿಯನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ ಅಮೆರಿಕದ ಕಾರ್ಖಾನೆ ಸುರಕ್ಷತಾ ಇಲಾಖೆಯ ಒಂದು ಜಿಪುಣ ಲೆಕ್ಕ ಇದೆ. ಎನ್‌ಆರ್‌ಆರ್‌ನಿಂದ 7 ಕಳೆದು, ಉಳಿದದ್ದನ್ನು ಅರ್ಧ ಮಾಡುತ್ತಾರೆ. ಹಾಗೆ ನೋಡಿದರೆ 22 ಅಂತ ಬರೆದದ್ದು ಏಳೂವರೆಗೆ ಇಳಿಯುತ್ತದೆ.

ಅದಕ್ಕೇ 12 ಬೋರ್‌ಗೆ, ದೊಡ್ಡ ರೈಫಲ್‌ಗೆ, ತಗಡಿನ ಚಾವಣಿಯ ಕೆಳಗೆ ಅಥವಾ ನಾಲ್ಕು ಗೋಡೆಯ ಒಳಗೆ ಹಾರಿಸುವವರಿಗೆ ನಾನು ಎರಡನ್ನೂ ಹಾಕಿಕೊಳ್ಳಿ ಅನ್ನುತ್ತೇನೆ. ಒಳಗೆ ಫೋಮ್ ಪ್ಲಗ್, ಮೇಲೆ ಎಲೆಕ್ಟ್ರಾನಿಕ್ ಮಫ್. ಎರಡರ ಅಂಕಿ ಕೂಡಿಸಿದಷ್ಟು ರಕ್ಷಣೆ ಸಿಗುವುದಿಲ್ಲ. ಎರಡರಲ್ಲಿ ದೊಡ್ಡದಕ್ಕೆ ಸುಮಾರು 5 ಡೆಸಿಬೆಲ್ ಸೇರಿಸಿ ಲೆಕ್ಕ ಹಾಕುತ್ತಾರೆ. ಶಕ್ತಿಯ ಲೆಕ್ಕದಲ್ಲಿ ಆ 5 ಅಂದರೆ ಮೂರು ಪಟ್ಟು ಕಡಿಮೆ, ಸಣ್ಣದೇನಲ್ಲ. ಮಫ್‌ನ ವಾಲ್ಯೂಮ್ ಮೇಲಕ್ಕೇರಿಸಿದರೆ ಪ್ಲಗ್ ಇದ್ದೂ ಮಾತು ಕೇಳಿಸುತ್ತದೆ. ಎಲೆಕ್ಟ್ರಾನಿಕ್ ಮಫ್‌ನ ಅತ್ಯುತ್ತಮ ಬಳಕೆ ಇದೇ ಅಂತ ನನ್ನ ಅಭಿಪ್ರಾಯ. ಖಾನಾಪುರ ಕಡೆ ಬೆಳೆ ಕಾಯಲು ಲೈಸೆನ್ಸ್ ಬಂದೂಕು ಇಟ್ಟುಕೊಂಡ ರೈತರಿಗೂ ಇದೇ ಮಾತು. ರಾತ್ರಿ ಹೊಲದಲ್ಲಿ ಸಣ್ಣ ಸಪ್ಪಳವೂ ಕೇಳಿಸಬೇಕು, ಗುಂಡಿನ ಸದ್ದು ಕಿವಿ ಒಡೆಯಬಾರದು.

ಕಪ್ಪಿನ ಗಾತ್ರದಲ್ಲಿ ಒಂದು ಕೊಡು-ಕೊಳ್ಳು ಇದೆ. ದಪ್ಪ ಕಪ್ ಸದ್ದು ಚೆನ್ನಾಗಿ ತಡೆಯುತ್ತದೆ, ಅದರಲ್ಲೂ 12 ಬೋರ್‌ನ ಧಡ್ ಅನ್ನುವ ತಗ್ಗಿನ ಸದ್ದನ್ನು. ಆದರೆ ರೈಫಲ್ ಬಟ್‌ಗೆ ಕೆನ್ನೆ ಒರಗಿಸಿದಾಗ ಅದು ಬಟ್‌ಗೆ ತಾಗಿ ಮೇಲಕ್ಕೇಳುತ್ತದೆ. ಮಫ್ ಎದ್ದದ್ದು ಶೂಟರ್‌ಗೆ ಗೊತ್ತೇ ಆಗುವುದಿಲ್ಲ, ಗಮನವೆಲ್ಲ ಸೈಟ್ ಮೇಲೆ ಇರುತ್ತದೆ. ರೈಫಲ್‌ಗೆ ಕೆಳಭಾಗ ತೆಳ್ಳಗಿರುವ ಕಪ್ಪೇ ಸರಿ. ಪಿಸ್ತೂಲಿಗೆ ದಪ್ಪದ್ದೂ ನಡೆಯುತ್ತದೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಒಂದು ಕೋಲನ್ನಾದರೂ ಹೆಗಲಿಗಿಟ್ಟು ನೋಡಿ. ಉದ್ಯಮಬಾಗದ ಸೇಫ್ಟಿ ಸಾಮಾನಿನ ಅಂಗಡಿಗಳಲ್ಲಿ ಸಾದಾ ಮಫ್, ಪ್ಲಗ್ ಸಿಗುತ್ತವೆ. ಎಲೆಕ್ಟ್ರಾನಿಕ್ ಬೇಕಾದರೆ ಹೆಚ್ಚಾಗಿ ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಹಾಗಾಗಿ ವಾಪಸ್ ಕೊಡುವ ಅವಕಾಶ ಇದೆಯಾ ಅಂತ ನೋಡಿಕೊಂಡೇ ಆರ್ಡರ್ ಮಾಡಿ.

ಎರಡು ಬದಿಗೂ ಬೇರೆ ಬೇರೆ ಮೈಕ್ ಇರಬೇಕು. ಒಂದೇ ಮೈಕ್ ಇದ್ದರೆ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ತಿಳಿಯುವುದಿಲ್ಲ. ಎರಡು ಮೈಕ್ ಇದ್ದರೂ ಎಡ-ಬಲ ತಿಳಿಯುತ್ತದೆ, ಮುಂದೆ-ಹಿಂದೆ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಮುಂದು-ಹಿಂದು ಗುರುತಿಸಲು ನಮಗೆ ಹೊರಗಿವಿಯ ಸುರುಳಿಗಳ ಸಹಾಯ ಬೇಕು, ಅವು ಕಪ್ಪಿನೊಳಗೆ ಮುಚ್ಚಿಹೋಗಿರುತ್ತವೆ. ಹೊಸದಾಗಿ ಹಾಕಿಕೊಂಡವರು ಹಿಂದಿನಿಂದ ಬಂದ ಮಾತಿಗೆ ಮುಂದೆ ನೋಡುವುದು ಇದಕ್ಕೇ. ಅದು ಮಫ್‌ನ ದೋಷ ಅಲ್ಲ, ಕೆಲವು ದಿನ ಬಳಸಿದರೆ ರೂಢಿಯಾಗುತ್ತದೆ.

ಇನ್ನೊಂದು ವ್ಯತ್ಯಾಸ, ದೊಡ್ಡ ಸದ್ದಿಗೆ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು. ಕೆಲವು ಮಫ್‌ಗಳು ಸದ್ದಾದ ಕೂಡಲೇ ಸ್ಪೀಕರ್ ಪೂರ್ತಿ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆಯುತ್ತವೆ. ಇನ್ನು ಕೆಲವು ಬಂದ್ ಮಾಡದೆ ಸದ್ದನ್ನು ತಗ್ಗಿಸುತ್ತವೆ. ಒಬ್ಬರೇ ಹಾರಿಸುವಾಗ ಎರಡೂ ಒಂದೇ. ಆರೇಳು ಲೇನ್ ಒಟ್ಟಿಗೆ ನಡೆಯುವಾಗ ಮೊದಲ ಬಗೆಯ ಮಫ್‌ನಲ್ಲಿ ಮಾತು ತುಂಡು ತುಂಡಾಗಿ ಕೇಳುತ್ತದೆ. "ಸ್ಟಾಪ್" ಅನ್ನುವ ಒಂದೇ ಒಂದು ಶಬ್ದ ಆ ಸಂದಿಯಲ್ಲಿ ಕಳೆದುಹೋಗಬಹುದು. ತಗ್ಗಿಸುವ ಬಗೆಯದಕ್ಕೆ ಬೆಲೆ ಜಾಸ್ತಿ, ಆದರೆ ಕೊಡಬಹುದಾದ ಬೆಲೆ.

ಈಗ ತೊಂದರೆಗಳ ವಿಷಯ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ. ಜೂನ್‌ನಲ್ಲಿ ಶುರುವಾದ ಮಳೆ, ಗಾಳಿ, ತೇವ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಕಪಾಟಿನ ಬಟ್ಟೆಗೇ ಬೂಸಲು ಹಿಡಿಯುವ ಊರಲ್ಲಿ ಮಫ್ ಗತಿ ಏನು? ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ರೇಂಜ್ ಮತ್ತೆ ತುಂಬಿದಾಗ "ಇದು ಕೆಲಸ ಮಾಡವಲ್ದು, ನೋಡ್ರಿ" ಅಂತ ನನ್ನ ಕೈಗೆ ಬರುವ ಮಫ್‌ಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಾಯಿಲೆ. ಸೆಲ್ ಒಳಗೇ ಬಿಟ್ಟಿದ್ದಾರೆ, ಅದು ಸೋರಿದೆ.

ಸಾಮಾನ್ಯವಾಗಿ ರಿಮೋಟ್‌ಗೆ ಹಾಕುವ ಟ್ರಿಪಲ್ ಎ ಸೆಲ್ ಎರಡು ಬೇಕಾಗುತ್ತವೆ. ಆಲ್ಕಲೈನ್ ಸೆಲ್ ಸೋರಿದರೆ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅದು ಕ್ಷಾರ. ಇಯರ್‌ಬಡ್‌ಗೆ ಒಂದು ಹನಿ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಒರೆಸಿದರೆ ಕರಗುತ್ತದೆ. ಅಗ್ಗದ ಜಿಂಕ್-ಕಾರ್ಬನ್ ಸೆಲ್ ಸೋರಿದ್ದು ಆಮ್ಲದ ಬಗೆ, ಅದಕ್ಕೆ ನೀರಿನಲ್ಲಿ ಕಲಸಿದ ಅಡುಗೆ ಸೋಡಾ. ಎರಡರಲ್ಲೂ ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ. ಹಸಿರು ಬಂದು ಲೋಹ ತಿಂದುಹೋಗಿದ್ದರೆ ಮೊಬೈಲ್ ರಿಪೇರಿಯವರ ಹತ್ತಿರ ಸ್ಪ್ರಿಂಗ್ ಬದಲಿಸಬಹುದು. ಹೊಸದೊಂದು, ಹಳೆಯದೊಂದು ಸೆಲ್ ಜೋಡಿಸಬೇಡಿ, ಬಡವಾದ ಸೆಲ್ ಬೇಗ ಸೋರುತ್ತದೆ. ಚಾರ್ಜ್ ಮಾಡುವ ಸೆಲ್ 1.5 ವೋಲ್ಟ್ ಬದಲು 1.2 ವೋಲ್ಟ್ ಕೊಡುತ್ತದೆ. ಕೆಲವು ಮಫ್‌ಗಳಿಗೆ ಅಷ್ಟು ಸಾಕು, ಕೆಲವಕ್ಕೆ ಸಾಲುವುದಿಲ್ಲ, ಸದ್ದು ಬೇಗ ಒಡೆಯುತ್ತದೆ.

ಕೆಲವು ಮಫ್‌ಗಳು ತಾವಾಗಿ ಆಫ್ ಆಗುತ್ತವೆ. ಇಂಪ್ಯಾಕ್ಟ್ ಸ್ಪೋರ್ಟ್ 4 ತಾಸಿಗೆ ಆಫ್ ಆಗುತ್ತದೆ. ಬೆಳಿಗ್ಗೆ ಹಾಕಿಕೊಂಡವರು ಮಧ್ಯಾಹ್ನ "ಕೆಟ್ಟೋತು" ಅಂತ ತಂದುಕೊಡುತ್ತಾರೆ. ಗುಂಡಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮಾತಾಡುತ್ತದೆ.

ಒಂದು ಬದಿ ಮಾತ್ರ ಸತ್ತಿದ್ದರೆ ಮೊದಲು ಮೈಕ್ ನೋಡಿ. ಎರಡೂ ಮೈಕ್‌ಗಳ ಮೇಲೆ ಬೆರಳು ಮೆಲ್ಲಗೆ ಉಜ್ಜಿದರೆ ಒಳಗೆ ಸರಸರ ಕೇಳಬೇಕು. ಒಂದು ಬದಿ ಕೇಳದಿದ್ದರೆ ಮೈಕಿನ ಬಾಯಿಗೆ ಮಣ್ಣೋ ಬೆವರೋ ಕಟ್ಟಿರಬಹುದು. ಒಣ ಬ್ರಷ್ ಸಾಕು, ಸೂಜಿ ಹಾಕಬೇಡಿ, ಪರದೆ ಹರಿಯುತ್ತದೆ. ತೇವದ ಅನುಮಾನ ಇದ್ದರೆ ಸೆಲ್ ತೆಗೆದು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ದಿನ ಮುಚ್ಚಿಡಿ. ಹೇರ್ ಡ್ರೈಯರ್ ಬಿಸಿ ಬೇಡ. ಮೈಕ್ ಸರಿಯಿದ್ದೂ ಸದ್ದು ಬಂದು-ಹೋಗಿ ಮಾಡಿದರೆ ತಲೆಪಟ್ಟಿಯನ್ನು ಮೆಲ್ಲಗೆ ಹಿಗ್ಗಿಸಿ ನೋಡಿ. ಆಗ ಚಟಪಟ ಅಂದರೆ ಒಂದು ಕಪ್‌ನಿಂದ ಇನ್ನೊಂದಕ್ಕೆ ಹೋಗುವ ವೈರ್ ಒಳಗೆ ಮುರಿದಿದೆ. ಮಡಚಿ-ಬಿಚ್ಚಿ ಆಗುವ ಜಾಗ ಅದು. ಗಣಪತಿ ಗಲ್ಲಿ ಕಡೆಯ ಯಾವ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯಲ್ಲೂ ಬೆಸುಗೆ ಹಾಕಿಕೊಡುತ್ತಾರೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡಿ: ಕಪ್‌ಗೆ ಎಲ್ಲೂ ಹೊಸ ತೂತು ಕೊರೆಯಬಾರದು. ಸಣ್ಣ ತೂತಿನಿಂದಲೂ ಸದ್ದು ಒಳಗೆ ಬರುತ್ತದೆ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಗಾಬರಿ ಬೇಡ. ಸೆಲ್ ತೆಗೆದು ಗುಂಡಿಯನ್ನು ಹಲವು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿದರೆ ಹೆಚ್ಚಾಗಿ ಹೋಗುತ್ತದೆ.

ಕೀ... ಅಂತ ಕೂಗು ಬಂದರೆ ಅದನ್ನು ಸುಮ್ನೆ ವಾಲ್ಯೂಮ್ ತಗ್ಗಿಸಿ ಮರೆಯಬೇಡಿ. ಒಳಗಿನ ಸ್ಪೀಕರ್ ಸದ್ದು ಸೋರಿ ಹೊರಗಿನ ಮೈಕ್‌ಗೆ ತಲುಪಿದಾಗ ಆ ಕೂಗು ಹುಟ್ಟುತ್ತದೆ. ಕೈಯಲ್ಲಿ ಹಿಡಿದಾಗ ಕೂಗಿದರೆ ಸಹಜ. ತಲೆ ಮೇಲೆ ಕೂತಿದ್ದಾಗಲೂ ಕೂಗಿದರೆ ಕುಶನ್ ಎಲ್ಲೋ ಬಿಟ್ಟುಕೊಂಡಿದೆ ಅಂತ ಅರ್ಥ. ಒಳಗಿನದು ಹೊರಗೆ ಹೋಗುವ ದಾರಿಯಲ್ಲಿ ಹೊರಗಿನ ಗುಂಡಿನ ಸದ್ದೂ ಒಳಗೆ ಬರುತ್ತದೆ. ನನ್ನ ಮಟ್ಟಿಗೆ ಎಲ್ಲ ದೂರುಗಳಲ್ಲಿ ಇದೇ ಮುಖ್ಯವಾದದ್ದು. ಬೇರೆಲ್ಲ ದೋಷಗಳಲ್ಲಿ ಮಾತು ಕೇಳುವುದಿಲ್ಲ ಅಷ್ಟೇ. ಇದರಲ್ಲಿ ಕಿವಿಯೇ ತೆರೆದಿರುತ್ತದೆ.

ಕುಶನ್ ಬಿಡಲು ಕಾರಣಗಳು ನಮ್ಮ ತಲೆಯ ಮೇಲೇ ಇವೆ. ಕನ್ನಡಕದ ದಪ್ಪ ಕಡ್ಡಿ ಮೊದಲನೆಯದು. ಶೂಟಿಂಗ್‌ಗೆ ತೆಳ್ಳಗಿನ ಲೋಹದ ಕಡ್ಡಿಯ ಕನ್ನಡಕ ಇಟ್ಟುಕೊಳ್ಳಿ. ಆಗದಿದ್ದರೆ ಜೆಲ್ ತುಂಬಿದ ಕುಶನ್ ಹಾಕಿಸಿ, ಅದು ಕಡ್ಡಿಯ ಸುತ್ತ ಚೆನ್ನಾಗಿ ಕೂರುತ್ತದೆ. ಟೋಪಿಯ ಅಂಚು ಕುಶನ್ ಕೆಳಗೆ ಸಿಕ್ಕಿರಬಾರದು. ಎನ್‌ಸಿಸಿ ಹುಡುಗಿಯರು ಬಿಗಿಯಾಗಿ ಹೆಣೆದ ಜಡೆಯಲ್ಲಿ ಬರುತ್ತಾರೆ, ಅದರಿಂದ ತೊಂದರೆಯಿಲ್ಲ. ಆದರೆ ಕಿವಿಯ ಮೇಲೆ ಇಳಿದ ಕೂದಲನ್ನು ಹಿಂದೆ ಸರಿಸಬೇಕು, ಓಲೆ, ಜುಮಕಿ ತೆಗೆದಿಡಬೇಕು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕುಶನ್‌ಗೆ ಇಳಿದು, ಬೆವರೂ ಸೇರಿ, ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಪ್ರತಿ ಸಲ ಬಳಸಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಬಾಳಿಕೆ ಬರುತ್ತದೆ. ಕುಶನ್ ಬದಲಿಸುವ ಕಿಟ್ ಬೇರೆಯಾಗಿ ಸಿಗುತ್ತದೆ. ಮಫ್ ಕೊಳ್ಳುವಾಗಲೇ ಅದರ ಕಿಟ್ ಸಿಗುತ್ತದಾ ಅಂತ ನೋಡಿ. ಜಾಸ್ತಿ ಬಳಸುವವರು ಆರು ತಿಂಗಳಿಗೊಮ್ಮೆ ಬದಲಿಸುವುದು ಒಳ್ಳೆಯದು. ಕಪ್ಪಿನೊಳಗಿನ ಸ್ಪಂಜನ್ನು ಕೊಳೆಯಾಯಿತು ಅಂತ ಕಿತ್ತೆಸೆಯುವವರಿದ್ದಾರೆ. ಅದು ಅಲಂಕಾರಕ್ಕಲ್ಲ, ಸದ್ದು ಹೀರಲು ಇರುವುದು.

ಮಫ್ ಅನ್ನು ಸೀಟಿನ ತಲೆದಿಂಬಿಗೆ ಹಿಗ್ಗಿಸಿ ಸಿಕ್ಕಿಸಿ, ಬಿಸಿಲಲ್ಲಿ ಕಾರ್ ನಿಲ್ಲಿಸಿ ಹೋಗುವುದೂ ಬೇಡ. ಪಟ್ಟಿಯ ಬಿಗಿ ಹೋಗುತ್ತದೆ. ಬಿಗಿ ಹೋದ ಮಫ್ ತಲೆಗೆ ಹಿತ, ಕಿವಿಗೆ ಅಲ್ಲ.

ಗಾಳಿಯ ಭರಭರ ಸದ್ದಿಗೆ ಮೈಕ್ ಮೇಲೆ ಸಣ್ಣ ಸ್ಪಂಜಿನ ಹೊದಿಕೆ ಸಾಕು. ಫೋನ್ ಜೇಬಿನಲ್ಲಿ ಕಪ್ಪಿಗೆ ಹತ್ತಿರವಿದ್ದು ಟಿಕಿಟಿಕಿ ಬಂದರೆ ಅದನ್ನು ಬ್ಯಾಗ್‌ಗೆ ಹಾಕಿ. ಸುಂಯ್ ಅನ್ನುವ ಸಣ್ಣ ಸದ್ದು ಅಗ್ಗದ ಮಫ್‌ಗಳಲ್ಲಿ ಇದ್ದೇ ಇರುತ್ತದೆ. ವಾಲ್ಯೂಮ್ ಮಾತು ಕೇಳುವಷ್ಟಕ್ಕೆ ಇಳಿಸಿದರೆ ಅದೂ ಇಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಮ್ಮೊಮ್ಮೆ ರೇಂಜ್‌ನಿಂದ ಮನೆಗೆ ಬಂದಾಗ ಕಿವಿ ಗುಂಯ್ ಅನ್ನಬಹುದು, ಹತ್ತಿ ತುಂಬಿದ ಹಾಗೆ ಅನಿಸಬಹುದು. ಅದನ್ನು ದಣಿವು ಅಂತ ತಳ್ಳಿಹಾಕಬೇಡಿ. ಆ ದಿನದ ರಕ್ಷಣೆ ಸಾಲಲಿಲ್ಲ ಅಂತ ಕಿವಿ ಹೇಳುತ್ತಿದೆ. ಮರುದಿನಕ್ಕೂ ಹೋಗದಿದ್ದರೆ, ಅಥವಾ ಒಂದು ಕಿವಿ ತಟ್ಟನೆ ಮಂದವಾದರೆ, ಇಎನ್‌ಟಿ ಡಾಕ್ಟರ್ ಹತ್ತಿರ ಬೇಗ ಹೋಗಿ. ಇಂಥದ್ದರಲ್ಲಿ ಮೊದಲ ಕೆಲವು ದಿನಗಳಿಗೆ ತುಂಬಾ ಬೆಲೆ ಇದೆ.

ಹೊಸದಾಗಿ ಶುರು ಮಾಡುವವರು ಮೊದಲ ಗುಂಡು ಹಾರಿಸುವ ಮುಂಚೆಯೇ ಒಂದು ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆ, ಮಾಡಿಸಿ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಬೀಪ್ ಕೇಳಿದಾಗ ಗುಂಡಿ ಒತ್ತಿ ಅನ್ನುತ್ತಾರೆ, ಅರ್ಧ ತಾಸಿನ ಕೆಲಸ, ನೋವಿಲ್ಲ. ನಮ್ಮ ಊರಲ್ಲೂ ಆಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಹೆಸರಾದದ್ದು. ವರದಿಯಲ್ಲಿ ಎರಡು ಕಿವಿಗೆ ಎರಡು ಗೆರೆ ಇರುತ್ತವೆ. ಅದರ ಫೋಟೋ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ. ವರ್ಷ ಬಿಟ್ಟು ಮತ್ತೆ ಮಾಡಿಸಿದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ಮೊದಲು 4000 ಹರ್ಟ್ಸ್ ಜಾಗ ನೋಡಿ. ಬಲಗೈ ಶೂಟರ್ ಆದರೆ ಎಡಗಿವಿಯ ಗೆರೆಯನ್ನು ಮೊದಲು ನೋಡಿ.